ಬಿಸಿಲಿಗೆ ದೊಣೆನಾಯಕ ಯಾರು?

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆ ಬೇಕೆ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಬೇಡವೆಂಬ ಉತ್ತರವನ್ನು ನಂಬಿಯೇ ಅವರು ಬದುಕಿದರು. ಇಂದು ಹೊಳೆಗೂ ದೊಣೆನಾಯಕರು ಹುಟ್ಟಿಕೊಂಡಿದ್ದಾರೆ. ನೀರು ಬಾಟಲಿ ಸೇರಿ ಅಂಗಡಿಯಲ್ಲಿ ಬಿಕರಿಯಾಗುತ್ತಿದೆ. ಉಳಿದದ್ದು ಬಿಸಿಲೊಂದು. ಅದಕ್ಕೂ ಒಬ್ಬ ದೊಣೆನಾಯಕನನ್ನು ತಂದು ಕೂರಿಸುವ ಏರ್ಪಾಡು ನಡೆದಿದೆಯೆಂದು ನಾವು ಹೇಳಿದರೆ ಕೆಲವರು ನಕ್ಕಾರು. ನಗುವ ಮೊದಲು ಈ ಬರಹವನ್ನು ಕೊನೆಯ ತನಕ ಓದಬೇಕೆಂದು ಕೇಳಿಕೊಳ್ಳುತ್ತೇವೆ.

ಬೋನಸ್ಸು, ಗ್ರಾಚ್ಯುಯಿಟಿ, ಸಂತೆಯ ಸುಂಕ, ಅಂಗಡಿ ಬಾಡಿಗೆ ಇವು ಈ ಪುಟಗಳಲ್ಲಿ ಬರುವ ವಾಡಿಕೆಯ ವಿಷಯಗಳು. ಈ ವಾರ ಪ್ರಯೋಗಶಾಲೆಯ ವಿಷಯ ಬರೆಯಹೊರಟಿದ್ದೇವೆ. “ಅದೆಲ್ಲ ಓದಿದವರ ಮಾತು, ಗಿರಣಿಯವನಿಗೆ ಅದರಿಂದ ಏನಾಗಬೇಕು?” ಎಂದು ನಮ್ಮ ಗೆಳೆಯರೇ ಕೇಳುತ್ತಾರೆ. ಆಗಬೇಕಾದ್ದು ಬಹಳವಿದೆ. ಉಗಿಯಂತ್ರ ಹುಟ್ಟಿದಾಗಲೂ ನೇಕಾರನಿಗೆ ಅದರಿಂದ ಏನಾಗಬೇಕೆಂದು ಯಾರೋ ಹೇಳಿರಬೇಕು. ಅದರಿಂದ ನೇಕಾರನಿಗೆ ಏನಾಯಿತೆಂಬುದನ್ನು ನಾವು ಬಲ್ಲೆವು. ಯಂತ್ರದ ಮೇಲೆ ನಮಗೆ ದ್ವೇಷವಿಲ್ಲ. ಯಂತ್ರ ಯಾರ ಕೈಯಲ್ಲಿದೆ ಎಂಬುದೇ ಅಂದಿನ ಪ್ರಶ್ನೆಯಾಗಿತ್ತು. ಇಂದಿನ ಪ್ರಶ್ನೆಯೂ ಅದೇ.

ಒಂದು ಕಲ್ಲಿನ ಕಥೆ

1839ರಲ್ಲಿ ರಷ್ಯಾದ ಉರಲ್ ಬೆಟ್ಟಗಳಲ್ಲಿ ದೊರೆತ ಒಂದು ಖನಿಜವನ್ನು ಗುಸ್ಟಾವ್ ರೋಸ್ ಎಂಬ ಜರ್ಮನ್ ಪಂಡಿತ ಪರೀಕ್ಷಿಸಿ, ಪೆರೋವ್‌ಸ್ಕಿ ಎಂಬ ರಷ್ಯನ್ ಶ್ರೀಮಂತನ ಹೆಸರನ್ನು ಅದಕ್ಕಿಟ್ಟ. ಅಂದಿನಿಂದ ಅದು ಪೆರೋವ್‌ಸ್ಕೈಟ್. ಕಲ್ಲನ್ನು ಬೆಟ್ಟದಿಂದ ಅಗೆದ ಕೂಲಿಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಕಥೆ ಶುರುವಾದದ್ದೇ ಹೀಗೆ.

ಆ ಕಲ್ಲಿನಲ್ಲಿ ಪರಮಾಣುಗಳು ಒಂದು ಗೊತ್ತಾದ ಕ್ರಮದಲ್ಲಿ ಕೂತಿರುತ್ತವೆ. ಅದೇ ಕ್ರಮದಲ್ಲಿ ಬೇರೆ ಬೇರೆ ಧಾತುಗಳನ್ನು ಕೂರಿಸಿದರೆ ಬೇರೆ ಬೇರೆ ಗುಣಗಳ ವಸ್ತುಗಳು ಹುಟ್ಟುತ್ತವೆ. ಈ ಮನೆತನದಲ್ಲಿ ಸೀಸ, ಅಯೋಡಿನ್ ಮತ್ತು ಒಂದು ಸಾವಯವ ಲವಣ ಸೇರಿ ಆದದ್ದೊಂದು ಕಪ್ಪು ವಸ್ತುವಿದೆ. 2009ರಲ್ಲಿ ಜಪಾನಿನ ಯೊಕೊಹಾಮಾದ ತೋಯಿನ್ ವಿಶ್ವವಿದ್ಯಾಲಯದಲ್ಲಿ ತ್ಸುತೊಮು ಮಿಯಾಸಾಕಾ ಎಂಬ ಪ್ರಾಧ್ಯಾಪಕರೂ ಅಕಿಹಿರೊ ಕೊಜಿಮಾ ಎಂಬ ಅವರ ವಿದ್ಯಾರ್ಥಿಯೂ ಈ ಜಾತಿಯ ವಸ್ತುವಿನಿಂದ ಬಿಸಿಲನ್ನು ವಿದ್ಯುತ್ತಾಗಿಸಿ ತೋರಿಸಿದರು. ಬಿದ್ದ ಬಿಸಿಲಿನಲ್ಲಿ ನೂರಕ್ಕೆ 3.8 ಪಾಲು ಮಾತ್ರ ವಿದ್ಯುತ್ತಾಯಿತು. ಬಾಳಿಕೆಯಂತೂ ನಿಮಿಷಗಳ ಲೆಕ್ಕದ್ದು. ಲೋಕ ಅದನ್ನು ಗಮನಿಸಲಿಲ್ಲ.

ಮೂರು ವರ್ಷ ಕಳೆದು 2012ರಲ್ಲಿ ಕೊರಿಯಾ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳು ದ್ರವದ ಬದಲು ಘನಪದಾರ್ಥವನ್ನು ಬಳಸಿ ಅದನ್ನು ನೂರಕ್ಕೆ ಹತ್ತರ ಆಸುಪಾಸಿಗೆ ತಂದರು. ಇಂದು ಪ್ರಯೋಗಶಾಲೆಯಲ್ಲಿ ಅದು ನೂರಕ್ಕೆ 26ನ್ನು ದಾಟಿದೆ. ಹಳೆಯ ಸಿಲಿಕಾನ್ ಬಿಲ್ಲೆಯ ಮೇಲೆ ಇದನ್ನು ಹೊದಿಸಿದ ಜೋಡಿ ಕೋಶ ನೂರಕ್ಕೆ 34ನ್ನು ಮೀರಿದೆ. ಸಿಲಿಕಾನ್ ಕೋಶ 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ನೂರಕ್ಕೆ ಆರರಿಂದ ಹೊರಟು ಇಪ್ಪತ್ತೈದನ್ನು ಮುಟ್ಟಲು ಐವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಈ ಹೊಸ ವಸ್ತು ಅದೇ ದಾರಿಯನ್ನು ಹದಿನೈದು ವರ್ಷದೊಳಗೆ ನಡೆಯಿತು.

ಶೀಟು ಮಾಡಿನ ಕೆಳಗಿರುವವರಿಗೆ

ಸಿಲಿಕಾನನ್ನು 1,400 ಡಿಗ್ರಿ ಮೀರಿದ ಶಾಖದಲ್ಲಿ ಕರಗಿಸಬೇಕು. ದೊಡ್ಡ ಕುಲುಮೆ ಬೇಕು, ದೊಡ್ಡ ಬಂಡವಾಳ ಬೇಕು. ಪೆರೋವ್‌ಸ್ಕೈಟನ್ನಾದರೋ ಶಾಯಿಯಂತೆ ಕಲಸಿ, ಬಟ್ಟೆಗೆ ಅಚ್ಚು ಹಾಕುವಂತೆ ಬಳಿದು, ನೂರು ಡಿಗ್ರಿಯ ಸುಮಾರಿನ ಶಾಖದಲ್ಲಿ ಒಣಗಿಸಬಹುದು. ಅದರ ಪದರ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳು. ಗಾಜಿನ ಮೇಲೆ ಬೇಡವೆಂದರೆ ಪ್ಲಾಸ್ಟಿಕ್ ಹಾಳೆಯ ಮೇಲೂ ನಿಲ್ಲುತ್ತದೆ. 2025ರಲ್ಲಿ ಒಸಾಕಾದ ವಿಶ್ವಮೇಳದಲ್ಲಿ ಬಸ್ ನಿಲ್ದಾಣದ ಮಾಡಿನ ಮೇಲೆ ಸುಮಾರು 250 ಮೀಟರ್ ಉದ್ದಕ್ಕೆ ಇಂತಹ ಹಾಳೆಯನ್ನು ಹೊದಿಸಿ ತೋರಿಸಿದರು.

ಗಿರಣಿ ಕಾರ್ಮಿಕ ಬಂಧುಗಳು ಇಲ್ಲಿ ತಮ್ಮ ಮನೆಯ ಮಾಡನ್ನೊಮ್ಮೆ ನೋಡಿಕೊಳ್ಳಬೇಕು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಒಂದು ಕೋಟಿ ಮನೆಗಳಿಗೆ ಸೌರ ವಿದ್ಯುತ್ತಿನ ಯೋಜನೆ ಸಾರಿತು. ಮನೆಗೆ 78,000 ರೂಪಾಯಿಯವರೆಗೆ ಸಹಾಯಧನ. ಒಳ್ಳೆಯದೇ. ಆದರೆ ಇಪ್ಪತ್ತು ಕಿಲೋಗೂ ಮಿಕ್ಕಿ ತೂಗುವ ಗಾಜಿನ ಹಲಗೆಗಳನ್ನು ಹೊರಬಲ್ಲ ತಾರಸಿ ಯಾರಿಗಿದೆ? ತಾರಸಿ ಇದ್ದವನಿಗಿದೆ. ವಠಾರದಲ್ಲಿ ಬಾಡಿಗೆಗಿರುವವನಿಗೆ ಮಾಡೇ ಇಲ್ಲ. ಶೀಟು ಹೊದಿಸಿದ ಮನೆಯವನ ಮಾಡಿಗೆ ಭಾರ ಹೊರುವ ಶಕ್ತಿಯಿಲ್ಲ. ಚಿಲ್ಲರೆ ಅಂಗಡಿಯವನದು ವಾಸದ ಮನೆಯಲ್ಲವಾದ್ದರಿಂದ ಸಹಾಯಧನದ ಲೆಕ್ಕಕ್ಕೇ ಬಾರದು. ಹಗುರವಾದ ಹಾಳೆಯ ಕೋಶ ಬಾಳಿಕೆ ಬರುವಂತಾದರೆ ಅದರ ಮೊದಲ ಹಕ್ಕುದಾರರು ಈ ಶೀಟಿನ ಕೆಳಗಿನವರೇ. ಆದ್ದರಿಂದ ಇದು ಪಂಡಿತರ ಮಾತೆಂದು ಸರಿದು ಕೂರುವ ವಿಷಯವಲ್ಲ.

ಥಾನಿನ ಮಡಿಕೆಯಂತಹ ಕಾಂತ

ಎರಡನೆಯ ಸಂಶೋಧನೆ ಇನ್ನೂ ವಿಚಿತ್ರವಾದದ್ದು. ಗಿರಣಿಯಲ್ಲಿ ಥಾನು ಮಡಿಸಿಟ್ಟಂತೆ ಪದರದ ಮೇಲೆ ಪದರವಾಗಿ ಕಟ್ಟಿಕೊಂಡ ವಸ್ತುಗಳಿವೆ. ಪದರದೊಳಗೆ ನೇಯ್ಗೆ ಗಟ್ಟಿ, ಪದರ ಪದರದ ನಡುವೆ ಹಿಡಿತ ಸಡಿಲು. ಪೆನ್ಸಿಲಿನ ಕಡ್ಡಿ ಅಂತಹುದು. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೀಮ್ ಮತ್ತು ನೊವೊಸೆಲೊವ್ ಎಂಬಿಬ್ಬರು ಅಂಟುಪಟ್ಟಿಯಿಂದ ಅದನ್ನು ಪದರ ಪದರವಾಗಿ ಎಬ್ಬಿಸಿ ಒಂದೇ ಪರಮಾಣುವಿನ ದಪ್ಪದ ಹಾಳೆಯನ್ನು ಬಿಡಿಸಿದರು. 2010ರಲ್ಲಿ ನೊಬೆಲ್ ಪಡೆದರು. ಮ್ಯಾಂಚೆಸ್ಟರು ನಮಗೆ ಅಪರಿಚಿತ ಊರಲ್ಲ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆದ ಕಾಲವೊಂದಿತ್ತು. ಗಿರಣಿಗಳು ಅಲ್ಲಿಯೂ ಮುಚ್ಚಿದವು, ಇಲ್ಲಿಯೂ ಮುಚ್ಚಿದವು. ಅಲ್ಲಿ ಗಿರಣಿ ಹೋದರೂ ಸರಕಾರದ ಹಣದಿಂದ ನಡೆಯುವ ವಿಶ್ವವಿದ್ಯಾಲಯ ಉಳಿಯಿತು, ಕೆಲಸ ಮಾಡಿತು. ಇಲ್ಲಿ ಗಿರಣಿ ಹೋದ ಮೇಲೆ ಉಳಿದದ್ದು ಮಾರಾಟಕ್ಕೆ ಬಂದ ನಿವೇಶನ.

2017ರಲ್ಲಿ ಅಮೆರಿಕದ ವಿಜ್ಞಾನಿಗಳು ಕ್ರೋಮಿಯಂ ಮತ್ತು ಅಯೋಡಿನ್ ಸೇರಿದ ಪದರವಸ್ತುವಿನಿಂದ ಒಂದೇ ಒಂದು ಪದರವನ್ನು ಎಬ್ಬಿಸಿ, ಅಷ್ಟು ತೆಳುವಾದರೂ ಅದು ಕಾಂತವಾಗಿಯೇ ಉಳಿಯುತ್ತದೆಂದು ತೋರಿಸಿದರು. ಎಷ್ಟು ಚಳಿಯಲ್ಲಿ? ಸೊನ್ನೆಗಿಂತ 228 ಡಿಗ್ರಿ ಕೆಳಗೆ. ಗಾಳಿಯ ತೇವ ತಗುಲಿದರೆ ಅದು ಕೆಡುತ್ತದೆ. 2022ರಲ್ಲಿ ಚೀನಾದವರು ಕಬ್ಬಿಣ, ಗ್ಯಾಲಿಯಂ, ಟೆಲ್ಲುರಿಯಂಗಳ ಒಂದು ಪದರವಸ್ತು ನಮ್ಮ ಕೋಣೆಯ ಶಾಖದಲ್ಲಿಯೂ ಕಾಂತವಾಗಿರುತ್ತದೆಂದು ತಿಳಿಸಿದರು. ಕಡಿಮೆ ವಿದ್ಯುತ್ತಿನಲ್ಲಿ ಲೆಕ್ಕ ನೆನಪಿಡುವ ಯಂತ್ರಗಳಿಗೆ ಇದು ಮುಂದೆ ಒದಗೀತೆಂಬುದು ನಿರೀಕ್ಷೆ. ಇಂದಿಗೆ ಅದರಿಂದ ಒಂದು ಕಾಸಿನ ಆದಾಯವಿಲ್ಲ.

ಇಲ್ಲಿ ಎರಡು ಕಡೆಯಿಂದ ಕೂಗು ಏಳುತ್ತದೆ. “ಬಡವರ ತೆರಿಗೆಯ ಹಣ ಇಂತಹ ಆಟಕ್ಕೆ ಏಕೆ?” ಎಂಬುದು ನಮ್ಮವರದೇ ಕೂಗು. “ಲಾಭ ತರುವ ಸಂಶೋಧನೆಗೆ ಮಾತ್ರ ಹಣ ಕೊಡಿ” ಎಂಬುದು ಬಂಡವಾಳಗಾರರ ಕೂಗು. ಬಾಯಿ ಬೇರೆಯಾದರೂ ರಾಗ ಒಂದೇ. ಎರಡಕ್ಕೂ ಒಂದೇ ಉತ್ತರ ಕೊಡುತ್ತೇವೆ.

1984ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ಗಂಗೂಲಿ ಮತ್ತು ನಮ್ಮ ಸಿ. ಎನ್. ಆರ್. ರಾವ್ ಪದರಪದರವಾದ ಲೋಹ ಆಕ್ಸೈಡುಗಳ ರಚನೆ ಮತ್ತು ಕಾಂತಗುಣದ ಮೇಲೆ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಪೆರೋವ್‌ಸ್ಕೈಟಿನ ಕ್ರಮವನ್ನೇ ಪದರಗಳಾಗಿ ಕೊಯ್ದಿಟ್ಟಂತಹ ವಸ್ತುಗಳವು. ಅದರಿಂದ ಯಾವ ಸಾಹುಕಾರನಿಗೆ ಏನು ಲಾಭ ಬಂತು? ಏನೂ ಇಲ್ಲ. ಎರಡೇ ವರ್ಷಕ್ಕೆ, 1986ರಲ್ಲಿ, ಜ್ಯೂರಿಕ್‌ನಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಅದೇ ಪದರರಚನೆಯ ತಾಮ್ರದ ಆಕ್ಸೈಡಿನಲ್ಲಿ, ಅಲ್ಲಿಯವರೆಗೆ ಯಾರೂ ಕಾಣದ ಶಾಖದಲ್ಲಿ, ವಿದ್ಯುತ್ತು ತಡೆಯಿಲ್ಲದೆ ಹರಿಯುವುದನ್ನು ಕಂಡರು. 1987ರ ನೊಬೆಲ್ ಅವರದಾಯಿತು. ಅಲ್ಲಿಯವರೆಗೆ ಕೇಳುವವರಿಲ್ಲದ ವಸ್ತುಗಳ ಹಿಂದೆ ಲೋಕವೆಲ್ಲ ಓಡಿತು.

ಇನ್ನೊಂದು ನಿದರ್ಶನ. 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್, ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಕಬ್ಬಿಣ ಮತ್ತು ಕ್ರೋಮಿಯಂಗಳ ತೆಳುಪದರಗಳನ್ನು ಒಂದರ ಮೇಲೊಂದಿಟ್ಟು, ಕಾಂತವನ್ನು ಹತ್ತಿರ ತಂದರೆ ವಿದ್ಯುತ್ತಿನ ತಡೆ ಬಹಳವಾಗಿ ಬದಲಾಗುವುದನ್ನು ಕಂಡರು. ಹತ್ತು ವರ್ಷದೊಳಗೆ ಅದು ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಓದುವ ಕಣ್ಣಾಯಿತು. ಅಂಗಡಿಯ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಿದ ವರ್ತಕ ಬಂಧುಗಳು ಆ ಫಲವನ್ನು ಅರಿಯದೆಯೇ ಉಂಡಿದ್ದಾರೆ. 1988ರಲ್ಲಿಯೇ “ಇದರಿಂದ ಏನು ಲಾಭ?” ಎಂದು ಬಾಗಿಲು ಹಾಕಿದ್ದರೆ? ಬಿತ್ತುವ ದಿನವೇ ತೆನೆ ಕೇಳುವವನು ರೈತನಲ್ಲ, ಬಡ್ಡಿ ಸಾಹುಕಾರ.

ಖಾಸಗಿ ಕಂಪನಿಗಳೂ ದೊಡ್ಡ ಕೆಲಸ ಮಾಡಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿವೆ, ಒಪ್ಪುತ್ತೇವೆ. ಬೆಲ್ ಖಾಸಗಿಯದೇ, ಜ್ಯೂರಿಕ್‌ನ ಪ್ರಯೋಗಶಾಲೆಯೂ ಐಬಿಎಂ ಕಂಪನಿಯದೇ. ಆದರೆ ಬೆಲ್‌ನ ಒಡೆಯ ಕಂಪನಿಗೆ ಅಮೆರಿಕದ ಟೆಲಿಫೋನು ವ್ಯವಹಾರದ ಏಕಸ್ವಾಮ್ಯವಿತ್ತು. ಪ್ರತಿ ಮನೆಯ ಟೆಲಿಫೋನು ಬಿಲ್ಲಿನಿಂದ ಆ ಪ್ರಯೋಗಶಾಲೆಗೆ ಎಣ್ಣೆ ಬೀಳುತ್ತಿತ್ತು. ಹೆಸರು ಖಾಸಗಿಯಾದರೂ ಹಣ ಸಾರ್ವಜನಿಕರದೇ.

ತೆರೆದ ಬಾಗಿಲು, ಹೊಸ ಬೀಗ

ಈಗ ಮುಖ್ಯ ವಿಷಯಕ್ಕೆ ಬರೋಣ. ಪೆರೋವ್‌ಸ್ಕೈಟ್ ಕೋಶ ಹದಿನೈದು ವರ್ಷದಲ್ಲಿ ಇಷ್ಟು ಬೆಳೆದದ್ದು ಹೇಗೆ? ಮಿಯಾಸಾಕಾ ತಮ್ಮ ಮೂಲ ಶೋಧಕ್ಕೆ ಜಪಾನಿನ ಹೊರಗೆ ಪೇಟೆಂಟ್ ಪಡೆಯಲಿಲ್ಲ. ಪರದೇಶದ ಪೇಟೆಂಟಿಗೆ ತಗುಲುವ ಖರ್ಚು ಭಾರಿಯದು. ಹೀಗೆ ಬಾಗಿಲು ತೆರೆದೇ ಉಳಿಯಿತು. ಕೊರಿಯಾ, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಚೀನಾ, ಭಾರತ ಎಲ್ಲ ಕಡೆಯ ವಿದ್ಯಾರ್ಥಿಗಳು ಒಳಗೆ ಬಂದು ಒಬ್ಬರ ಕೆಲಸದ ಮೇಲೊಬ್ಬರು ಕೈಯಿಟ್ಟರು. ಲೋಕದ ತೆರಿಗೆದಾರರೆಲ್ಲ ಸೇರಿ ಸಂಬಳ ಕೊಟ್ಟ ಕೆಲಸವಿದು. ನಮ್ಮ ಮುಂಬಯಿಯ ಐಐಟಿಯಲ್ಲಿ 2010ರಲ್ಲಿ ಕೇಂದ್ರ ಸರಕಾರದ ಹಣದಿಂದ ತೆರೆದ ಸೌರ ಸಂಶೋಧನಾ ಕೇಂದ್ರದಲ್ಲಿಯೂ ಜೋಡಿ ಕೋಶ ನೂರಕ್ಕೆ 30ರ ಹತ್ತಿರಕ್ಕೆ ಬಂದಿದೆ.

ಕಟ್ಟಡ ಎದ್ದು ನಿಂತೊಡನೆ ಬೀಗ ಬಂತು. ಸುಧಾರಣೆಗಳ ಮೇಲಿನ ಪೇಟೆಂಟುಗಳು ಕಂಪನಿಗಳ ಪೆಟ್ಟಿಗೆ ಸೇರಿವೆ. 2025ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಿವಿ ಎಂಬ ಕಂಪನಿ ಚೀನಾದ ದೈತ್ಯ ಕಂಪನಿಯೊಂದಕ್ಕೆ ತನ್ನ ಪೇಟೆಂಟುಗಳನ್ನು ಬಳಸುವ ಪರವಾನಗಿ ಕೊಟ್ಟು ಒಪ್ಪಂದ ಮಾಡಿಕೊಂಡಿತು. ಇಬ್ಬರು ದೊಡ್ಡವರು ತಮ್ಮೊಳಗೆ ಬೀಗದ ಕೈ ಹಂಚಿಕೊಂಡರು. ನಾಳೆ ಜಿಲ್ಲಾ ಊರಿನ ಕೈಗಾರಿಕಾ ವಸಾಹತಿನಲ್ಲಿ ಹತ್ತು ಜನ ಸೇರಿ ಈ ಹಾಳೆಯನ್ನು ಅಚ್ಚು ಹಾಕಹೊರಟರೆ ಅವರಿಗೆ ಕೈ ಕೊಡುವವರಾರು? ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಗಾದೆ ಸುಳ್ಳಲ್ಲ.

ಬೇರೆ ದಾರಿಯೂ ಇತ್ತು. ಗ್ರೂನ್‌ಬರ್ಗ್ ಕೆಲಸ ಮಾಡಿದ್ದು ಜರ್ಮನಿಯ ಯೂಲಿಶ್ ಎಂಬ ಸರಕಾರಿ ಸಂಶೋಧನಾ ಕೇಂದ್ರದಲ್ಲಿ. ಆ ಶೋಧಕ್ಕೆ ಪೇಟೆಂಟ್ ಪಡೆಯಲಾಯಿತು. ಐಬಿಎಂ ಪರವಾನಗಿ ಪಡೆಯಬೇಕಾಯಿತು. ಹಣ ಸರಕಾರಿ ಕೇಂದ್ರಕ್ಕೆ ಬಂತು. ಸಾರ್ವಜನಿಕರು ಬಿತ್ತಿದ್ದರಲ್ಲಿ ಸಾರ್ವಜನಿಕರಿಗೆ ಪಾಲು ಬರುವುದು ಆಗದ ಮಾತಲ್ಲವೆಂಬುದಕ್ಕೆ ಇಷ್ಟು ಸಾಕು.

ಬಡ್ಡಿಯಿಲ್ಲದ ಸಾಲ ಯಾರಿಗೆ?

ನಮ್ಮ ಸರಕಾರ ಏನು ಮಾಡುತ್ತಿದೆ? ಈ ದೇಶ ಸಂಶೋಧನೆಗೆ ಖರ್ಚು ಮಾಡುವುದು ರಾಷ್ಟ್ರದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 0.64, ಇದು 2020-21ರ ಸರಕಾರಿ ಲೆಕ್ಕ. ನೂರು ರೂಪಾಯಿಗೆ ಒಂದು ರೂಪಾಯಿಯೂ ಇಲ್ಲ. ಇದರಲ್ಲಿ ಖಾಸಗಿಯವರ ಪಾಲು ಮೂರರಲ್ಲೊಂದರ ಸುಮಾರು. 2023ರಲ್ಲಿ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾನೂನು ಮಾಡಿ, ಐದು ವರ್ಷದಲ್ಲಿ 50,000 ಕೋಟಿ ಎಂದು ಸಾರಿದರು. ಅದರಲ್ಲಿ 36,000 ಕೋಟಿ ಸರಕಾರದ ಬೊಕ್ಕಸದ ಹೊರಗಿನಿಂದ, ಉದ್ಯಮಿಗಳು ಮತ್ತು ದಾನಿಗಳಿಂದ ಬರಬೇಕಂತೆ! ಕೊಡುವ ಕೈ ಯಾವುದೋ ವಿಷಯ ಆರಿಸುವ ಕೈಯೂ ಅದೇ ಆಗುತ್ತದೆ. ಸೊನ್ನೆಗಿಂತ 228 ಡಿಗ್ರಿ ಕೆಳಗೆ ಕೆಲಸ ಮಾಡುವ ಕಾಂತಕ್ಕೆ ಯಾವ ದಾನಿ ಕೈ ಎತ್ತಿಯಾನು?

2025ರ ಜುಲೈ 1ರಂದು ಮಂತ್ರಿಮಂಡಲ ಮತ್ತೊಂದು ಯೋಜನೆಗೆ ಒಪ್ಪಿಗೆ ಕೊಟ್ಟಿತು: ಸಂಶೋಧನೆ ಮತ್ತು ನಾವೀನ್ಯದ ಹೆಸರಿನಲ್ಲಿ ಒಂದು ಲಕ್ಷ ಕೋಟಿ ರೂಪಾಯಿ. ಖಾಸಗಿ ಕಂಪನಿಗಳಿಗೆ ದೀರ್ಘಾವಧಿಯ ಸಾಲ. ಬಡ್ಡಿ ಕಡಿಮೆ, ಅಥವಾ ಬಡ್ಡಿಯೇ ಇಲ್ಲ. ಇದು ದಾನವಲ್ಲ, ಸಾಲವೆಂಬುದನ್ನು ಮರೆಮಾಚುವ ಇಚ್ಛೆ ನಮಗಿಲ್ಲ. ಆದರೆ ಸಣ್ಣ ವರ್ತಕ ಬಂಧುಗಳನ್ನು ಕೇಳುತ್ತೇವೆ: ನಿಮಗೆ ಬಡ್ಡಿಯಿಲ್ಲದ ಸಾಲವನ್ನು ಯಾರಾದರೂ ಕೊಟ್ಟದ್ದುಂಟೆ? ವಾರದ ಕಂತು ವಸೂಲಿಗೆ ಮನೆ ಬಾಗಿಲಿಗೆ ಬಂದು ಕೂರುವವರ ಹಾವಳಿ ಎಷ್ಟಾಯಿತೆಂದರೆ, 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ತರಕಾರಿ ಗಾಡಿಯವಳಿಗೆ ವಾರದ ಬಡ್ಡಿ, ಕೋಟ್ಯಧಿಪತಿಗೆ ಬಡ್ಡಿ ಮನ್ನಾ. ಇದೆಂತಹ ನ್ಯಾಯ?

ಪ್ರಯೋಗಶಾಲೆಯೊಳಗೆ ನಿಜವಾಗಿ ದುಡಿಯುವವರ ಪಾಡನ್ನೂ ನೋಡಬೇಕು. ಶಾಯಿ ಕಲಸುವವರು, ಪದರ ಎಬ್ಬಿಸುವವರು, ರಾತ್ರಿ ಯಂತ್ರ ಕಾಯುವವರು ಸಂಶೋಧನಾ ವಿದ್ಯಾರ್ಥಿಗಳು. ಅವರ ತಿಂಗಳ ವೇತನ 31,000ದಿಂದ 37,000ಕ್ಕೆ ಏರಿದ್ದು 2023ರಲ್ಲಿ. ಅದಕ್ಕಾಗಿ ಅವರು ಬೀದಿಗಿಳಿಯಬೇಕಾಯಿತು. ಆ ಹಣವೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲವೆಂಬ ದೂರು ಇಂದಿನದಲ್ಲ. ಪಗಾರಕ್ಕೆ ಕಾದು ಕೂರುವುದೇನೆಂಬುದನ್ನು ಗಿರಣಿಯವರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ಬಿಳಿ ಅಂಗಿ ತೊಟ್ಟವರೆಂದು ಅವರನ್ನು ದೂರವಿಡಬೇಡಿ. ಅವರೂ ಕೂಲಿಯವರೇ.

ಪಾವಗಡದ ಪಾಠ

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯ ಮೇಲೆ 2,050 ಮೆಗಾವಾಟಿನ ಸೌರ ಉದ್ಯಾನ ಎದ್ದಿದೆ. ಸರಕಾರ ಭೂಮಿಯನ್ನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗೇಣಿಗೆ ಪಡೆಯಿತು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ. ಮಳೆ ಕಾಣದ ಸೀಮೆಯಲ್ಲಿ ಭೂಮಿಯುಳ್ಳವನಿಗೆ ಅದು ಆಸರೆಯಾಯಿತು, ಇಲ್ಲವೆನ್ನುವುದಿಲ್ಲ. ಆದರೆ ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಅಲ್ಲಿ ಕುರಿ ಮೇಯಿಸುತ್ತಿದ್ದ ಭೂಮಿಯಿಲ್ಲದವನಿಗೆ? ಅವನ ಹೆಸರು ಪಹಣಿಯಲ್ಲಿರಲಿಲ್ಲ, ಆದ್ದರಿಂದ ಗೇಣಿಯ ಪಟ್ಟಿಯಲ್ಲಿಯೂ ಇಲ್ಲ. ಬಿಸಿಲು ಎಲ್ಲರ ಮೇಲೆ ಸಮನಾಗಿ ಬಿತ್ತು. ಅದರ ಹಣ ಪಹಣಿ ನೋಡಿ ಬಿತ್ತು.

ಇನ್ನು ಸೀಸದ ಮಾತು. ಒಂದು ಚದರ ಮೀಟರ್ ಪೆರೋವ್‌ಸ್ಕೈಟ್ ಪದರದಲ್ಲಿರುವ ಸೀಸ ಒಂದು ಗ್ರಾಮಿನ ಆಸುಪಾಸು. ಮೋಟಾರು ಬ್ಯಾಟರಿಯಲ್ಲಿರುವುದು ಕಿಲೋಗಟ್ಟಲೆ. ಆದ್ದರಿಂದ ಹುಯಿಲೆಬ್ಬಿಸುವ ಕಾರಣವಿಲ್ಲ. ಆದರೆ ಈ ಸೀಸ ನೀರಿನಲ್ಲಿ ಕರಗುವ ರೂಪದಲ್ಲಿದೆ. ಹಲಗೆ ಒಡೆದು ಮಳೆ ಬಿದ್ದರೆ ಮಣ್ಣಿಗಿಳಿಯುತ್ತದೆ. ತೇವ ಮತ್ತು ಶಾಖ ಈ ವಸ್ತುವಿನ ಮೊದಲ ಶತ್ರುಗಳು. ಸಿಲಿಕಾನ್ ಹಲಗೆಯಂತೆ ಇಪ್ಪತ್ತೈದು ವರ್ಷ ಬಾಳುವುದು ಇನ್ನೂ ಸಾಧಿಸಬೇಕಾದ ಗುರಿ. ಕೆಟ್ಟ ಹಲಗೆಯನ್ನು ಯಾರು ಒಯ್ಯಬೇಕು? 2022ರ ಇ-ತ್ಯಾಜ್ಯ ನಿಯಮದಲ್ಲಿ ಸೌರ ಹಲಗೆಗಳ ತ್ಯಾಜ್ಯವನ್ನು 2034-35ರವರೆಗೆ ಕೂಡಿಡಬೇಕೆಂದಿದೆ. ಕೂಡಿಟ್ಟದ್ದು ಕಡೆಗೆ ಗುಜರಿ ಅಂಗಡಿಗೆ ಬಂದು, ಅದನ್ನು ಬರಿಗೈಯಲ್ಲಿ ಒಡೆಯುವ ಹುಡುಗ ಯಾರ ಮನೆಯವನಾದಾನು? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ನಿಯಮ ನಮಗೆ ಬೇಡ.

ನಮ್ಮ ಬೇಡಿಕೆ

ಒಂದು: ಸಾರ್ವಜನಿಕ ಹಣದಿಂದಾದ ಶೋಧದ ಪೇಟೆಂಟ್ ಸಾರ್ವಜನಿಕ ಸಂಸ್ಥೆಯ ಹೆಸರಿನಲ್ಲಿಯೇ ಇರಬೇಕು. ಒಬ್ಬನೇ ಕಂಪನಿಗೆ ಅದನ್ನು ಬರೆದುಕೊಡಕೂಡದು. ಸಣ್ಣ ಕಾರಖಾನೆಗೂ ಸಹಕಾರ ಸಂಘಕ್ಕೂ ಅಲ್ಪ ಶುಲ್ಕಕ್ಕೆ ಅದು ಸಿಗಬೇಕು.

ಎರಡು: ಒಂದು ಲಕ್ಷ ಕೋಟಿಯಲ್ಲಿ ಸಾಲ ಪಡೆದ ಪ್ರತಿಯೊಂದು ಕಂಪನಿಯ ಒಪ್ಪಂದವನ್ನೂ ಪ್ರಕಟಿಸಬೇಕು. ಲಾಭ ಬಂದರೆ ಬೊಕ್ಕಸಕ್ಕೆ ಪಾಲು, ದುಡಿಯುವವರಿಗೆ ಖಾಯಂ ಕೆಲಸ, ಸೀಸ ಮುಟ್ಟುವವರಿಗೆ ರಕ್ತಪರೀಕ್ಷೆ, ಕೆಟ್ಟ ಹಲಗೆಯನ್ನು ಮರಳಿ ಒಯ್ಯುವ ಹೊಣೆ ಇವು ಸಾಲದ ಷರತ್ತುಗಳಾಗಬೇಕು.

ಮೂರು: ನಾಳೆಯ ಲಾಭ ಕೇಳದ ಸಂಶೋಧನೆಗೆ ಬೊಕ್ಕಸದಿಂದಲೇ ಹಣ ಮೀಸಲಿಡಬೇಕು. ಸಂಶೋಧನಾ ವಿದ್ಯಾರ್ಥಿಗಳ ವೇತನ ತಿಂಗಳ ಮೊದಲ ವಾರದಲ್ಲಿ ಕೈಸೇರಬೇಕು.

ನಾಲ್ಕು: ಬಾಡಿಗೆದಾರನಿಗೂ ಶೀಟು ಮಾಡಿನವನಿಗೂ ಸಣ್ಣ ಅಂಗಡಿಯವನಿಗೂ ಸೌರ ಸಹಾಯಧನದಲ್ಲಿ ಪಾಲು ಬೇಕು. ಸೌರ ಉದ್ಯಾನಗಳ ಆದಾಯದಲ್ಲಿ ಆ ಊರುಗಳ ಭೂಮಿಯಿಲ್ಲದವರಿಗೂ ಭಾಗ ಬೇಕು.

ಇವು ಆಕಾಶದ ನಕ್ಷತ್ರ ಕೇಳುವ ಬೇಡಿಕೆಗಳಲ್ಲ. ಸಾಲ ಕೊಡುವ ಯಾವ ಅಂಗಡಿಕಾರನೂ ಕೇಳುವ ಮಾತುಗಳಿವು: ಹಣ ನನ್ನದಾದರೆ ಲೆಕ್ಕ ತೋರಿಸು, ಫಲ ಬಂದರೆ ಪಾಲು ಕೊಡು, ಕೆಟ್ಟದ್ದನ್ನು ನನ್ನ ಅಂಗಳದಲ್ಲಿ ಚೆಲ್ಲಬೇಡ. ನಮ್ಮ ಸಂಸತ್ ಸದಸ್ಯರು ಮುಂದಿನ ಸಲ ಓಟು ಕೇಳಲು ಬಂದಾಗ ರಸ್ತೆ, ಚರಂಡಿಗಳ ಜೊತೆಗೆ ಇದನ್ನೂ ಕೇಳಿ. ಪೆರೋವ್‌ಸ್ಕೈಟ್ ಎಂಬ ಹೆಸರನ್ನು ಅವರು ಕೇಳಿರದಿದ್ದರೆ ಈ ಪುಟವನ್ನು ಅವರ ಕೈಗಿಡಿ.

ಗಿರಣಿ ಕಟ್ಟಿದ ದಿನ ನಮ್ಮ ಅಜ್ಜಂದಿರನ್ನು ಯಾರೂ ಕೇಳಲಿಲ್ಲ, ಮುಚ್ಚಿದ ದಿನ ನಮ್ಮನ್ನೂ ಯಾರೂ ಕೇಳಲಿಲ್ಲ. ಬಿಸಿಲಿನ ಗಿರಣಿ ಇನ್ನೂ ಪೂರ್ತಿ ಕಟ್ಟಿ ಮುಗಿದಿಲ್ಲ. ಕೇಳುವ ಹೊತ್ತು ಇದೇ. ದಿನವಿಡೀ ಬಿಸಿಲಿನಲ್ಲಿ ಬೆವರು ಸುರಿಸುವವರು ಬಿಸಿಲಿನ ಮೇಲಿನ ತಮ್ಮ ಹಕ್ಕನ್ನು ಈಗಲೇ ಸಾರದಿದ್ದರೆ, ನಾಳೆ ದೊಣೆನಾಯಕನ ಮುಂದೆ ಅಪ್ಪಣೆಗಾಗಿ ಸಾಲು ನಿಲ್ಲಬೇಕಾಗುತ್ತದೆ.